ತಳ ಹರಿಯುವ ಲೆಕ್ಕಕ್ಕೆ ಕೈಜೋಡಿಸಿದವರಿಗೆ

ಬಂಡೆಗೆ ಬಡಿದ ಹಡಗಿನ ತಳ ಎಷ್ಟು ದೂರ ಸೀಳುತ್ತದೆ ಎಂದು ಲೆಕ್ಕ ಹಾಕುವ ನಮ್ಮ ಕಂಪ್ಯೂಟರ್ ಮಾದರಿ, ಕೊನೆಗೂ ಪ್ರಯೋಗದಲ್ಲಿ ಸೀಳಿದ ತಗಡಿಗೆ ತಾಳೆಯಾಯಿತು. ಹಲವರ ಋಣ ನಮ್ಮ ಮೇಲಿದೆ.

ಮೊದಲ ನಮಸ್ಕಾರ ಉಕ್ಕಿನ ಎಳೆತದ ಪರೀಕ್ಷೆ ಮಾಡಿಕೊಟ್ಟವರಿಗೆ. ಮುರಿಯುವಾಗ ಇಷ್ಟು ಶೇಕಡಾ ಹಿಗ್ಗಿತು ಎಂದು ಒಂದೇ ಸಂಖ್ಯೆ ಬರೆದು ಕಳಿಸಬಹುದಿತ್ತು. ಅವರು ಉಕ್ಕಿನ ಪಟ್ಟಿಯುದ್ದಕ್ಕೂ ಗುರುತು ಹಾಕಿ, ಮುರಿಯುವ ಮುನ್ನ ತೆಳುವಾಗಿ ಸೊರಗಿದ ಜಾಗದ ಹಿಗ್ಗನ್ನೂ ಉಳಿದೆಡೆಯ ಹಿಗ್ಗನ್ನೂ ಬೇರೆಬೇರೆ ಅಳೆದರು. ಇಡೀ ಲೆಕ್ಕ ನಿಂತಿರುವುದೇ ಇದರ ಮೇಲೆ. 12 ಮಿ.ಮೀ. ತಗಡನ್ನು 60 ಮಿ.ಮೀ. ಶೆಲ್ ಎಲಿಮೆಂಟುಗಳಾಗಿ, ಅಂದರೆ ಲೆಕ್ಕಕ್ಕೆಂದು ಬಲೆಯ ಕಣ್ಣುಗಳಂಥ ತುಣುಕುಗಳಾಗಿ ಹಂಚಿದರೆ, ಹಡಗುಗಳ ಗುಣಮಟ್ಟ ನಿಗದಿಪಡಿಸುತ್ತಿದ್ದ ಜರ್ಮನ್ ಸಂಸ್ಥೆ ಜರ್ಮಾನಿಶರ್ ಲಾಯ್ಡ್‌ನ ಸೂತ್ರದ ಪ್ರಕಾರ (0.056 + 0.54 × ದಪ್ಪ ÷ ಎಲಿಮೆಂಟಿನ ಉದ್ದ) ತಗಡು ಹರಿಯುವ ಮುನ್ನ ತಾಳುವ ಹಿಗ್ಗಿನ ಮಿತಿ 0.164. ಎಲಿಮೆಂಟನ್ನು 120 ಮಿ.ಮೀ.ಗೆ ಹಿಗ್ಗಿಸಿದರೆ ಅದೇ ತಗಡಿಗೆ 0.11. ಉಕ್ಕು ಅದೇ, ಬಲೆಯ ಕಣ್ಣು ಮಾತ್ರ ದೊಡ್ಡದಾಯಿತು. ಒಂದು ಬಲೆಗೆ ಹೊಂದಿಸಿದ ಮಿತಿಯನ್ನು ಇನ್ನೊಂದಕ್ಕೆ ಹಾಗೇ ಹಾಕಿದರೆ ಸೀಳು ತಪ್ಪು ಜಾಗದಲ್ಲಿ ಶುರುವಾಗುತ್ತದೆ. ನೋಡಲು ಮಾತ್ರ ಚಿತ್ರ ಬಹಳ ಚೆಂದ!

ಮಾದರಿಯಲ್ಲಿ ಹಡಗು ಮೇಲಕ್ಕೇಳದಂತೆ ಕಟ್ಟಿಹಾಕಿದ್ದನ್ನು ಹಿಡಿದುಕೊಟ್ಟ ಹಿರಿಯರಿಗೆ ವಿಶೇಷ ಧನ್ಯವಾದ. ನಿಜದಲ್ಲಿ ಮುಂಭಾಗ ಬಂಡೆಯ ಮೇಲೆ ಏರುತ್ತದೆ, ಬಂಡೆ ಹೊಗುವ ಆಳ ಕಡಿಮೆಯಾಗುತ್ತದೆ. ಬಂಡೆಗೆ ತಗಡು ಉಜ್ಜುವಾಗಿನ ಘರ್ಷಣೆಯನ್ನು ಸೊನ್ನೆ ಇಟ್ಟರೆ ಸೀಳು ವಿನಾಕಾರಣ ಉದ್ದವಾಗುತ್ತದೆ ಎಂದವರೂ ಅವರೇ, ಈಗ 0.3 ಇಟ್ಟಿದ್ದೇವೆ. ಇದು ಸಣ್ಣ ತಿದ್ದುಪಡಿಯಲ್ಲ. 1989ರ ಮಾರ್ಚ್ 24ರಂದು ಅಲಾಸ್ಕದ ಬ್ಲೈ ದಿಬ್ಬಕ್ಕೆ ಬಡಿದ ಎಕ್ಸಾನ್ ವಾಲ್ಡೆಜ್ ತೈಲ ಹಡಗಿಗೆ ಒಂಟಿ ತಳ, 11 ಸರಕು ಟ್ಯಾಂಕುಗಳಲ್ಲಿ 8 ಹರಿದವು. ಇಂದಿನ ದೊಡ್ಡ ತೈಲ ಹಡಗಿಗೆ ಜೋಡಿ ತಳ ಬೇಕು. ಹೊರತಳಕ್ಕೂ ಒಳತಳಕ್ಕೂ ನಡುವಿನ ಎತ್ತರ ಹಡಗಿನ ಅಗಲದ ಹದಿನೈದನೇ ಒಂದು ಪಾಲು ಅಥವಾ 2 ಮೀಟರ್, ಯಾವುದು ಕಡಿಮೆಯೋ ಅದು. ಬಂಡೆಯ ತುದಿ ಒಳತಳ ಮುಟ್ಟಿತೇ ಇಲ್ಲವೇ ಎಂಬುದೇ ಪ್ರಶ್ನೆಯಾದಾಗ ಅರ್ಧ ಮೀಟರ್ ಹೆಚ್ಚುಕಡಿಮೆಯಾದರೆ ಉತ್ತರವೇ ತಿರುಗಿಬೀಳುತ್ತದೆ.

ಕಂಪ್ಯೂಟರಿನ ಸಮಯ ಉಳಿಸಲು ನಿಧಾನದ ಪ್ರಯೋಗವನ್ನು ಮಾದರಿಯಲ್ಲಿ ವೇಗವಾಗಿ ಓಡಿಸುವಾಗ, ವೇಗಕ್ಕೆ ಉಕ್ಕು ಗಟ್ಟಿಯಾಗುವ ಕೂಪರ್-ಸೈಮಂಡ್ಸ್ ಪದವನ್ನು ತೆಗೆದುಹಾಕಿ ಎಂದು ನೆನಪಿಸಿದ ಗೆಳೆಯರಿಗೂ ಋಣಿ. ಇಲ್ಲದಿದ್ದರೆ ಇಲ್ಲದ ಬಲ ತಗಡಿಗೆ ಬಂದುಬಿಡುತ್ತಿತ್ತು.

ಕಡೆಯದಾಗಿ ವರ್ಕ್‌ಶಾಪಿನವರಿಗೆ. ಪರೀಕ್ಷೆಯ ಪಟ್ಟಿಗಳನ್ನು ಗ್ಯಾಸ್‌ನಲ್ಲಿ ಕತ್ತರಿಸಿದ್ದರೆ ಅಂಚು ಕಾದು ಗಡುಸಾಗಿ, ಬಿರುಕು ಅಲ್ಲಿಂದಲೇ ಬೇಗ ಏಳುತ್ತಿತ್ತು. ಅವರು ಮಿಲ್ಲಿಂಗ್ ಮಾಡಿ, ಅಂಚನ್ನು ಉಜ್ಜಿಯೇ ಕೊಟ್ಟರು. ಬೆಸುಗೆಯ ಸಾಲಿನ ಪಟ್ಟಿಗಳು ಇನ್ನೂ ಬಾಕಿ ಇವೆ, ಮತ್ತೆ ನಿಮ್ಮ ಬಾಗಿಲಿಗೇ ಬರುತ್ತೇವೆ.