ಸೀಲ್ ಚರ್ಮದ ಕೈಗವಸು, ಬೂಟುಗಳ ರವಾನೆಯಲ್ಲಿ ಬದಲಾವಣೆ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಕೆನಡಾದ ಉತ್ತರದ ನುನಾವುಟ್ ಪ್ರದೇಶದ ಮೂಲನಿವಾಸಿ ಇನುಯಿಟ್ ಹೆಣ್ಣುಮಕ್ಕಳು ಹೊಲಿಯುವ, ಸೀಲ್ ಎಂಬ ಕಡಲ ಪ್ರಾಣಿಯ ಚರ್ಮದ ಕೈಗವಸು, ಟೋಪಿ, ಕಾಮಿಕ್ ಬೂಟುಗಳನ್ನು ಈ ತಿಂಗಳಿನಿಂದ ಕೆನಡಾದೊಳಗೆ ಮತ್ತು ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಮಾತ್ರ ಕಳಿಸುತ್ತೇವೆ. ಅಮೆರಿಕಕ್ಕೂ ಭಾರತಕ್ಕೂ ಕಳಿಸುವುದಿಲ್ಲ. ‘ಉಡುಗೊರೆ ಅಂತ ಬರೆದು ಕಳಿಸಿ’ ಎಂದು ಕೆಲವರು ಕೇಳುತ್ತಾರೆ. ದಯವಿಟ್ಟು ಕೇಳಬೇಡಿ, ಸರಕು ಜಪ್ತಿಯಾದರೆ ಅದನ್ನು ಬಿಡಿಸಿಕೊಳ್ಳುವ ದಾರಿಯಿಲ್ಲ.

ಅಮೆರಿಕದಲ್ಲಿ ಅಡ್ಡಿಯಾಗಿರುವುದು 1972ರ ಸಾಗರ ಸಸ್ತನಿ ರಕ್ಷಣಾ ಕಾಯ್ದೆ. ಇನುಯಿಟರೇ ಬೇಟೆಯಾಡಿದ್ದು ಎಂದು ತೋರಿಸಿದರೂ ನೀವು ಅಂಗಡಿಯಲ್ಲಿ ಕೊಂಡ ವಸ್ತುವಿಗೆ ಅಲ್ಲಿ ವಿನಾಯಿತಿ ಸಿಗುವುದಿಲ್ಲ. ನ್ಯೂಯಾರ್ಕ್ ಅಥವಾ ಷಿಕಾಗೊ ಮಾರ್ಗವಾಗಿ ಊರಿಗೆ ಹೋಗುವವರು ಇದನ್ನು ವಿಶೇಷವಾಗಿ ಗಮನಿಸಿ. ಅಮೆರಿಕದ ಕಸ್ಟಮ್ಸ್ ತಪಾಸಣೆ ಟೊರೊಂಟೊ ಪಿಯರ್ಸನ್ ನಿಲ್ದಾಣದಲ್ಲೇ ಮುಗಿಯುತ್ತದೆ. ಬರೀ ವಿಮಾನ ಬದಲಿಸುವವರೂ ಅದನ್ನು ದಾಟಲೇಬೇಕು. ಕೈಗವಸನ್ನು ಮನೆಯಲ್ಲೇ ಬಿಟ್ಟು ಹೊರಡಿ.

ಯುರೋಪಿನ ಲೆಕ್ಕ ಬೇರೆ. 2009ರ ನಿಯಮ ಸೀಲ್ ಉತ್ಪನ್ನಗಳ ಮಾರಾಟ ನಿಷೇಧಿಸಿದರೂ ಇನುಯಿಟ್ ಬೇಟೆಗೆ ಬಾಗಿಲು ತೆರೆದಿಟ್ಟಿದೆ. ಆ ಬಾಗಿಲಿನ ಕೀಲಿಕೈ ದೃಢೀಕರಣ ಪತ್ರ. ಯುರೋಪ್ ಮಾನ್ಯ ಮಾಡಿದ ಸಂಸ್ಥೆ ಮಾತ್ರ ಅದನ್ನು ಕೊಡಬಹುದು. ನುನಾವುಟ್ ಸರ್ಕಾರದ ಪರಿಸರ ಇಲಾಖೆಗೆ ಆ ಮಾನ್ಯತೆ ಸಿಕ್ಕಿದ್ದು 2015ರಲ್ಲಿ. ಹೀಗಾಗಿ ಯುರೋಪಿನ ಆರ್ಡರ್‌ಗಳಿಗೆ ಇನ್ನು ಮುಂದೆ ಆರು ವಾರ ಕಾಲಾವಕಾಶ ಕೇಳುತ್ತೇವೆ. ಪತ್ರದ ಸಂಖ್ಯೆ ಇನ್‌ವಾಯ್ಸ್ ಮೇಲೆ ಇರುತ್ತದೆ. ಪೆಟ್ಟಿಗೆ ಬಿಚ್ಚಿದ ಮೇಲೆ ಆ ಕಾಗದ ಎಸೆಯಬೇಡಿ, ಮುಂದೆ ಮಾರುವುದಾದರೆ ಅದು ವಸ್ತುವಿನ ಜೊತೆಗೇ ಹೋಗಬೇಕು.

ಇಷ್ಟೊಂದು ಕಾಗದಪತ್ರ ಯಾಕೆ ಎಂದರೆ, ವಿನಾಯಿತಿ ಎಂಬ ಪದವೊಂದೇ ಬೇಟೆಗಾರನನ್ನು ಕಾಪಾಡುವುದಿಲ್ಲ. 1983ರಲ್ಲಿ ಯುರೋಪ್ ನಿಷೇಧಿಸಿದ್ದು ಹಾರ್ಪ್ ಮತ್ತು ಹುಡೆಡ್ ಸೀಲ್ ಮರಿಗಳ ಚರ್ಮವನ್ನು. ಇನುಯಿಟರು ಮುಖ್ಯವಾಗಿ ಹಿಡಿಯುವುದು ನತ್ಸಿಕ್, ಅಂದರೆ ಮೈಮೇಲೆ ಉಂಗುರದ ಗುರುತಿರುವ ಬೇರೆಯೇ ಜಾತಿ. ಇನುಯಿಟ್ ಬೇಟೆಗೆ ಆಗಲೂ ವಿನಾಯಿತಿ ಇತ್ತು. ಆದರೆ ಕೊಳ್ಳುವವರು ಸೀಲ್ ಎಂದರೆ ಸೀಲ್ ಎಂದು ಕೈತೊಳೆದುಕೊಂಡರು, ದರ ನೆಲಕಚ್ಚಿತು. ನುನಾವುಟ್‌ನ ರೆಸೊಲ್ಯೂಟ್ ಊರಿನ ಸೀಲ್ ಚರ್ಮದ ವಾರ್ಷಿಕ ಆದಾಯ 1982ರಲ್ಲಿ ಸುಮಾರು 54,000 ಡಾಲರ್ ಇದ್ದದ್ದು ಮರುವರ್ಷ 1,000ಕ್ಕೆ ಇಳಿಯಿತು. ಮಾಂಸ ಮನೆಮಂದಿಗೆ, ನೆರೆಹೊರೆಗೆ. ಚರ್ಮದ ಹಣ ಹಿಮದ ಮೇಲೆ ಓಡುವ ಸ್ನೋಮೊಬೈಲಿನ ಪೆಟ್ರೋಲಿಗೆ, ಬಂದೂಕಿನ ಗುಂಡುಗಳಿಗೆ. ಆ ಹಣ ನಿಂತರೆ ಹಿಮದ ಮೇಲೆ ಹೋಗಿ ಮಾಂಸ ತರುವುದೂ ನಿಲ್ಲುತ್ತದೆ. ನಿಷೇಧ ಬರೆದವರು ಈ ಕೊಂಡಿಯನ್ನು ನೋಡಲಿಲ್ಲ ಎಂಬುದು ನಮ್ಮ ದೃಢ ಅಭಿಪ್ರಾಯ. ಆದ್ದರಿಂದಲೇ ಬೇಟೆಯ ಮೂಲ ತೋರಿಸಲಾಗದ ಒಂದೇ ಒಂದು ಚರ್ಮವನ್ನೂ ಇನ್ನು ನಾವು ಕೊಳ್ಳುವುದಿಲ್ಲ.

ಈಗಾಗಲೇ ಕೊಂಡವರಿಗೆ ಒಂದು ಮಾತು. ಕಾಮಿಕ್ ಒದ್ದೆಯಾದರೆ ಹೀಟರ್ ಬಳಿ ಇಡಬೇಡಿ. ಬಿಸಿಗೆ ಚರ್ಮದೊಳಗಿನ ಎಣ್ಣೆ ಆರಿ, ಮಡಿಕೆಯಿದ್ದಲ್ಲಿ ಬಿರುಕು ಬಿಡುತ್ತದೆ. ಒಳಗೆ ಕಾಗದ ತುರುಕಿ ತಂಪಾದ ಗಾಳಿಯಲ್ಲಿ ಒಣಗಿಸಿ, ರೋಮ ಸಾಗುವ ದಿಕ್ಕಿನಲ್ಲೇ ಬ್ರಷ್ ಮಾಡಿ. ಬೇಸಿಗೆಯಲ್ಲಿ ಹತ್ತಿ ಬಟ್ಟೆಯ ಚೀಲದಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ತೇವ ಸಿಕ್ಕಿಬಿದ್ದು ರೋಮ ಉದುರುತ್ತದೆ. ನೀರು ತಡೆಯುವ ಹೊಲಿಗೆಯಲ್ಲಿ ಸೂಜಿ ಚರ್ಮವನ್ನು ಪೂರ್ತಿ ತೂರಿ ಹೊರಬರುವುದಿಲ್ಲ, ದಪ್ಪದ ಅರ್ಧದಲ್ಲೇ ಹಾಯುತ್ತದೆ. ಹಾಗಾಗಿ ಹೊಲಿಗೆ ಬಿಟ್ಟರೆ ಚಮ್ಮಾರರ ಯಂತ್ರಕ್ಕೆ ಕೊಡದೆ ನಮಗೆ ಕಳಿಸಿ, ಹೊಲಿದವರ ಕೈಗೇ ತಲುಪಿಸುತ್ತೇವೆ.

ಅಮೆರಿಕ ಮತ್ತು ಭಾರತದ ವಿಳಾಸದ ಬಾಕಿ ಆರ್ಡರ್‌ಗಳ ಹಣವನ್ನು ಪೂರ್ತಿ ಹಿಂತಿರುಗಿಸುತ್ತೇವೆ. ಬದಲಿಗೆ ಕಸ್ತೂರಿ ಎತ್ತಿನ ಕಿವಿಯುಟ್ ಉಣ್ಣೆಯ ಟೋಪಿ ಬೇಕಿದ್ದವರು ತಿಂಗಳ ಕೊನೆಯೊಳಗೆ ತಲೆಯ ಸುತ್ತಳತೆಯನ್ನು ಸೆಂಟಿಮೀಟರ್‌ನಲ್ಲಿ ಬರೆದು ಕಳಿಸಿ.

ಇಂತಿ,
ಸಹಕಾರಿ ಮಳಿಗೆಯ ಸದಸ್ಯರು