ಹತ್ತುನಾಲ್ಕು

ಪುಟ್ಟಿ,

ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀನು ಅಕ್ಷರ ಕೂಡಿಸಿಕೊಂಡು ಓದುತ್ತೀಯ, ಒತ್ತಕ್ಷರ ಬಂದಲ್ಲಿ ತಡವರಿಸುತ್ತೀಯ, ಎಲ್ಲಾ ಗೊತ್ತು. ನಿಧಾನಕ್ಕೆ ಓದು. ಶನಿವಾರ ಬೆಳಿಗ್ಗೆ ಆಸ್ಟಿನ್‌ನಲ್ಲಿ ನಿನಗೇನು ಕೆಲಸ, ಹನ್ನೊಂದರವರೆಗೆ ಮಲಗಿರುತ್ತೀಯ ಅಷ್ಟೇ ಅಲ್ವಾ.

ಮೊನ್ನೆ ಭಾನುವಾರ, ನವೆಂಬರ್ 2, ನಾನು ಮತ್ತು ಅಮ್ಮ ಎದುರು ಮನೆ ತೀಯೋ, ಅದೇ ನಮ್ಮ ಮೆಕ್ಸಿಕನ್ ಅಂಕಲ್, ಅವರ ಹತ್ತಿರ ಹೋಗಿದ್ದೆವು. ಅವರಿಗೆ ಅದು ಸತ್ತವರ ದಿನ. ಅವರ ಹೆಂಡತಿ, ನಮ್ಮ ತೀಯಾ, ಹೋಗಿ ಎರಡು ವರ್ಷ ಆಯಿತು. ಪ್ರತಿ ವರ್ಷ ಕಿಟಕಿಯಿಂದ ನೋಡುತ್ತಿದ್ದೆ, ಹೋಗಿರಲಿಲ್ಲ. ಈ ಸಲ ಅವರೇ ಬೇಲಿ ಹತ್ತಿರ ನಿಂತು ಕರೆದರು. "ನಿಮ್ಮಮ್ಮನ ಫೋಟೋ ತನ್ನಿ, ನಮ್ಮವರ ಜೊತೆ ಇಡೋಣ" ಅಂದರು. ಏನು ಹೇಳಬೇಕೋ ತೋಚದೆ ಸುಮ್ನೆ ತಲೆ ಆಡಿಸಿದೆ.

ಒಳಗೆ ಹೋದರೆ ಬಾಗಿಲಿಂದ ಫೋಟೋಗಳವರೆಗೂ ಚೆಂಡು ಹೂವಿನ ಎಸಳು. ಸತ್ತವರು ದಾರಿ ತಪ್ಪದೆ ಬರಲಿ ಅಂತ. ಆ ಹೂವಿಗೆ ಅವರು ಸೆಂಪಾಸೂಚಿಲ್ ಅನ್ನುತ್ತಾರೆ. ನಮ್ಮೂರಲ್ಲಿ ಆಯುಧಪೂಜೆಗೆ ಲಾರಿಗೆ ಸುತ್ತುವ ಚೆಂಡು ಹೂವಿನ ತವರು ಮೆಕ್ಸಿಕೋನೇ, ಪೋರ್ಚುಗೀಸರ ಕಾಲದಲ್ಲಿ ನಮ್ಮ ಕಡೆ ಬಂದಿದ್ದು, ಮೆಣಸಿನಕಾಯಿ ಬಂದ ಹಾಗೆ. ಕೋಪಾಲ್ ಅಂತ ಒಂದು ಅಂಟಿನ ಧೂಪ ಹಾಕಿದ್ದರು. ಅಮ್ಮ ಮೂಗು ಅರಳಿಸಿ "ರೀ, ಸಾಂಬ್ರಾಣಿ ಹಾಕಿದಂಗಿದೆ" ಅಂದಳು.

ತೀಯಾ ಫೋಟೋ ಮುಂದೆ ಒಂದು ಲೋಟ ನೀರು, ಚಿಕ್ಕ ಬಟ್ಟಲಲ್ಲಿ ಉಪ್ಪು, ಮೇಲೆ ಮೂಳೆ ಆಕಾರ ಮಾಡಿದ ಬನ್, ಜೋಳದ ಸಿಪ್ಪೆಯಲ್ಲಿ ಸುತ್ತಿದ ತಮಾಲೆ, ಆಮೇಲೆ ಗಾಜಿನ ಬಾಟಲಿಯ ಕೋಕ್. ಕೋಕ್ ಮುಚ್ಚಳ ತೆಗೆದಿತ್ತು. ಯಾಕೆ ಅಂದರೆ, "ಅವಳ ಬೆರಳಿಗೆ ವಾತ ಇತ್ತಲ್ಲ, ಬಿಚ್ಚೋಕೆ ಆಗಲ್ಲ" ಅಂದರು. ನಮ್ಮ ಮಹಾಲಯ ಅಮಾವಾಸ್ಯೆಯ ಎಡೆಯೇ ಇದು ಅನ್ನಿಸಿತು. ಮೇಲಿನ ಸಾಲಿನಲ್ಲಿ ಅವರಪ್ಪ, ಅವರಮ್ಮ, ಅವರ ನಡುವೆ ದೊಡ್ಡ ಟೋಪಿ ಹಾಕಿಕೊಂಡ ಗಾಯಕ ವಿಸೆಂತೆ ಫೆರ್ನಾಂಡೆಸ್. ನೆಂಟರ ಪೈಕಿ! ನನಗೆ ನಗು ಬಂತು, ಆಮೇಲೆ ನಮ್ಮ ಮಾವನ ಅಂಗಡಿಯಲ್ಲಿ ದೇವರ ಪಟದ ಪಕ್ಕ ರಾಜ್‌ಕುಮಾರ್ ಫೋಟೋ ಇದ್ದದ್ದು ನೆನಪಾಯಿತು. ಫೆರ್ನಾಂಡೆಸ್ ತೀರಿಕೊಂಡಿದ್ದು 2021ರ ಡಿಸೆಂಬರ್ 12ಕ್ಕೆ, ಮೆಕ್ಸಿಕೋದವರು ಪೂಜಿಸೋ ಗ್ವಾದಲೂಪೆ ಮಾತೆಯ ಹಬ್ಬದ ದಿನವೇ. ಆವತ್ತು ತೀಯೋ ಟ್ರಕ್ಕಿನಲ್ಲಿ ಒಬ್ಬರೇ ಕೂತು ರಾತ್ರಿವರೆಗೂ ಹಾಡು ಹಾಕಿದ್ದು ನಿನಗೂ ನೆನಪಿರಬೇಕು. ನಿನಗೆ ಪರೀಕ್ಷೆ ಇತ್ತು, ಹೋಗಿ ಹೇಳಿ ಅಂದೆ. ನಾನು ಹೋಗಲಿಲ್ಲ. ಒಳ್ಳೇದೇ ಮಾಡಿದೆ.

ಅಜ್ಜಿ ಫೋಟೋನ ತೀಯಾ ಪಕ್ಕ ಇಟ್ಟರು. ನಾನು ಒಯ್ದಿದ್ದು ಸ್ಟೀಲ್ ಲೋಟದಲ್ಲಿ ಕಾಫಿ, ನಾಲ್ಕು ಕೋಡುಬಳೆ, ಹಿಲ್‌ಕ್ರಾಫ್ಟ್‌ನ ಇಂಡಿಯನ್ ಅಂಗಡಿಯಿಂದ ತಂದ ಎಲೆ ಅಡಿಕೆ.

ತೀಯೋ ಕಥೆ ನಿನಗೆ ಅರ್ಧ ಗೊತ್ತು. ಮೆಕ್ಸಿಕೋದ ಮಿಚೊವಾಕಾನ್‌ನಿಂದ 1978ರಲ್ಲಿ ಹ್ಯೂಸ್ಟನ್‌ಗೆ ಬಂದರು, ಕಾಗದಪತ್ರ ಏನೂ ಇಲ್ಲದೆ. ಬಾತ್‌ರೂಮಿಗೆ ಟೈಲ್ಸ್ ಹಾಕೋ ಕೆಲಸ. 1985ರಲ್ಲಿ ಅವರಮ್ಮ ತೀರಿಕೊಂಡಾಗ ಹೋಗಲಿಲ್ಲ. ಹೋದರೆ ವಾಪಸ್ ಬರೋಕೆ ಆಗುತ್ತದೋ ಇಲ್ಲವೋ, ಇಲ್ಲಿ ಹೆಂಡತಿ, ಎರಡು ಚಿಕ್ಕ ಮಕ್ಕಳು. ಮರುವರ್ಷವೇ, 1986ರಲ್ಲಿ, ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನು ಬಂತು, ಹಾಗೆ ಬಂದು ನೆಲೆಸಿದ್ದ ಲಕ್ಷಾಂತರ ಜನರಿಗೆ ಇಲ್ಲೇ ಖಾಯಂ ಇರೋಕೆ ಗ್ರೀನ್ ಕಾರ್ಡ್ ಸಿಕ್ಕಿತು, ಇವರಿಗೂ ಸಿಕ್ಕಿತು. ಒಂದು ವರ್ಷದ ಅಂತರ. ಅದನ್ನು ಅವರು ಎಷ್ಟು ಸಾರಿ ಹೇಳಿದ್ದಾರೋ, ಪ್ರತಿ ಸಾರಿಯೂ ಒಂದು ಬೆರಳು ಎತ್ತಿ ತೋರಿಸುತ್ತಾರೆ.

ಆಗ ಅವರ ಟ್ರಕ್ಕಿನಲ್ಲಿ ಸದಾ ಒಂದು ಕ್ಯಾಸೆಟ್ ಓಡುತ್ತಿತ್ತಂತೆ, ಲೋಸ್ ತಿಗ್ರೆಸ್ ದೆಲ್ ನೋರ್ತೆ ಅನ್ನೋ ತಂಡದ್ದು. ಉತ್ತರದ ಹುಲಿಗಳು ಅಂತ ಅರ್ಥ. ಮೆಕ್ಸಿಕೋದ ಸಿನಲೋವಾದಿಂದ ಬಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನೆಲೆಸಿದ ಅಣ್ಣತಮ್ಮಂದಿರು. ಅವರ ಒಂದು ಹಾಡಿನ ಹೆಸರೇ 'ಚಿನ್ನದ ಪಂಜರ', 'ಲಾ ಹೌಲಾ ದೆ ಓರೋ'. ನಮ್ಮಲ್ಲೂ ಇದೇ ಮಾತಿದೆಯಲ್ಲ ಅಂದರೆ ಅವರು ನಂಬಲಿಲ್ಲ. ಹಾಡಿನಲ್ಲಿ ಅಮೆರಿಕಕ್ಕೆ ಬಂದ ಅಪ್ಪ ದುಡ್ಡು ಮಾಡಿದ್ದಾನೆ, ಆದರೆ ಸಿಕ್ಕಿಬೀಳೋ ಭಯಕ್ಕೆ ಬೀದಿಗೆ ಬರೋಕೂ ಹಿಂದೆಮುಂದೆ ನೋಡುತ್ತಾನೆ. ಮಕ್ಕಳಿಗೆ ಅವನ ಭಾಷೆ ಮರೆತಿದೆ. ಮೆಕ್ಸಿಕೋಗೆ ವಾಪಸ್ ಹೋಗೋಣವಾ ಅಂತ ಅಪ್ಪ ಸ್ಪ್ಯಾನಿಶ್‌ನಲ್ಲಿ ಕೇಳುತ್ತಾನೆ, ಮಗ ಇಂಗ್ಲಿಷ್‌ನಲ್ಲಿ ಬರಲ್ಲ ಅನ್ನುತ್ತಾನೆ. ಈ ಹಾಡು ಕೇಳಿ ತೀಯೋಗೆ ಗಂಟಲು ಕಟ್ಟಿಬಂದಿತ್ತಂತೆ. ಪಕ್ಕದಲ್ಲಿ ಕೂತಿದ್ದ ಐದಾರು ವರ್ಷದ ಮಗ ತಿರುಗಿ ಇಂಗ್ಲಿಷ್‌ನಲ್ಲಿ ಕೇಳಿದನಂತೆ, ಅಪ್ಪಾ ಅವನು ಏನಂತಿದಾನೆ?

ಇದನ್ನು ಹೇಳಿ ತೀಯೋ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗ ನಕ್ಕಿರಲಿಲ್ಲವಂತೆ. ಮನೆಗೆ ಬಂದು "ಇನ್ನು ಮೇಲೆ ಈ ಮನೆಯಲ್ಲಿ ಇಂಗ್ಲಿಷ್ ಕೇಳಿಸಬಾರದು" ಅಂತ ಮೇಜು ಗುದ್ದಿದರಂತೆ. ಮಗ ಇಂಗ್ಲಿಷ್ ಬಿಡಲಿಲ್ಲ, ಅಪ್ಪನ ಹತ್ತಿರ ಮಾತಾಡೋದನ್ನೇ ಕಡಿಮೆ ಮಾಡಿದ.

ಮಗಳು ಬೇರೆ ದಾರಿ ಹಿಡಿದಳು. ಅವಳಿಗೆ ಗಾಯಕಿ ಸೆಲೀನಾ ಹುಚ್ಚು. ಸೆಲೀನಾ ಕ್ವಿಂಟನಿಯಾ ಹುಟ್ಟಿದ್ದು ಇಲ್ಲೇ ಲೇಕ್ ಜಾಕ್ಸನ್‌ನಲ್ಲಿ, ನಮ್ಮ ಮನೆಯಿಂದ ಒಂದು ಗಂಟೆ ದಾರಿ. ಮನೆಮಾತು ಇಂಗ್ಲಿಷ್. ಅಪ್ಪನೇ ಅಣ್ಣನ ಕೈಗೆ ಬೇಸ್ ಗಿಟಾರ್, ಅಕ್ಕನಿಗೆ ಡ್ರಮ್ಸ್ ಕೊಟ್ಟು, ಇವಳನ್ನು ಹಾಡೋಕೆ ನಿಲ್ಲಿಸಿದ. ಸ್ಪ್ಯಾನಿಶ್ ಬರುತ್ತಿರಲಿಲ್ಲ, ಅರ್ಥ ಆಮೇಲೆ ನೋಡಿಕೊಳ್ಳೋಣ ಅಂತ ಶಬ್ದ ಕೇಳಿ ಕೇಳಿ ಬಾಯಿಪಾಠ ಮಾಡಿಸಿದ. ಹಾಡುತ್ತಾ ಹಾಡುತ್ತಾ ಭಾಷೆ ಕಲಿತಳು. ತೇಹಾನೋ ಸಂಗೀತ ಅದು, ಟೆಕ್ಸಸ್‌ನ ಮೆಕ್ಸಿಕನ್ನರದ್ದು, ಅದರಲ್ಲಿ ಕೇಳಿಸೋ ಅಕಾರ್ಡಿಯನ್ ಈ ಕಡೆಗೆ ಬಂದಿದ್ದು ಜರ್ಮನ್, ಚೆಕ್ ವಲಸಿಗರ ಪೆಟ್ಟಿಗೆಯಲ್ಲಿ. ತೀಯೋಗೆ ಅದೆಲ್ಲಾ ಹಿಡಿಸುತ್ತಿರಲಿಲ್ಲ. ಆದರೂ 1995ರ ಫೆಬ್ರವರಿ 26ಕ್ಕೆ ಹನ್ನೆರಡು ವರ್ಷದ ಮಗಳು ಹಟ ಹಿಡಿದಳು ಅಂತ ಇಲ್ಲಿನ ಆಸ್ಟ್ರೋಡೋಮ್ ಕ್ರೀಡಾಂಗಣಕ್ಕೆ ಅವಳ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದರು. 60,000ಕ್ಕೂ ಜಾಸ್ತಿ ಜನ. ನೇರಳೆ ಬಟ್ಟೆ ಹಾಕಿಕೊಂಡು ಆ ಹುಡುಗಿ ಸಾರೋಟಿನಲ್ಲಿ ಬಂದಳು. ತೀಯೋ ಸೀಟು ಎಷ್ಟು ದೂರ ಅಂದರೆ "ನೇರಳೆ ಚುಕ್ಕಿ ಕುಣೀತಿತ್ತು" ಅನ್ನುತ್ತಾರೆ. ಸುತ್ತ ಇದ್ದ ಮಕ್ಕಳೆಲ್ಲಾ ಇಂಗ್ಲಿಷ್‌ನಲ್ಲಿ ಹರಟುತ್ತಿದ್ದವರು ಹಾಡು ಶುರುವಾದ ಕೂಡಲೇ ಸ್ಪ್ಯಾನಿಶ್‌ಗೆ ಬಾಯಿ ತೆರೆದರಂತೆ, ಇವರ ಮಗಳೂ. ಐದು ವಾರ ಕಳೆದಿರಲಿಲ್ಲ, ಮಾರ್ಚ್ 31ಕ್ಕೆ ಕಾರ್ಪಸ್ ಕ್ರಿಸ್ಟಿಯಲ್ಲಿ ಅವಳ ಕೊಲೆ ಆಯಿತು. ಇಪ್ಪತ್ತಮೂರು ವರ್ಷ. ಮಗಳು ಎರಡು ದಿನ ಊಟ ಮಾಡಲಿಲ್ಲ ಅಂದರು. ಅಷ್ಟಕ್ಕೇ ನಿಲ್ಲಿಸಿ ಕಾಫಿ ಲೋಟ ನೇರ ಮಾಡಿದರು.

ಈಗ ನಾನು ಯಾಕೆ ಬರೆಯುತ್ತಿದ್ದೇನೆ ಅನ್ನೋದಕ್ಕೆ ಬರುತ್ತೇನೆ.

ಸೆಲೀನಾ ಒಂದು ಟೀವಿ ಸಂದರ್ಶನದಲ್ಲಿ ಹದಿನಾಲ್ಕು ಅನ್ನೋದಕ್ಕೆ 'ದಿಯೆಸಿಕ್ವಾತ್ರೋ' ಅಂದುಬಿಟ್ಟಳಂತೆ. ಸ್ಪ್ಯಾನಿಶ್‌ನಲ್ಲಿ ಹದಿನಾರರಿಂದ ಮುಂದೆ 'ಹತ್ತು ಮತ್ತು ಆರು' ಅನ್ನೋ ಹಾಗೆ ಎಣಿಸುತ್ತಾರೆ, ಹನ್ನೊಂದರಿಂದ ಹದಿನೈದರವರೆಗೆ ಮಾತ್ರ ಬೇರೆ ಬೇರೆ ಪದ, ಹದಿನಾಲ್ಕಕ್ಕೆ 'ಕತೋರ್ಸೆ'. ಅವಳು ಲೆಕ್ಕಕ್ಕೆ ಸರಿಯಾಗಿಯೇ ಹೇಳಿದ್ದಳು, ಹತ್ತುನಾಲ್ಕು! ಈಗ ಆ ಪದವನ್ನು ಟೀ ಶರ್ಟ್ ಮೇಲೆ ಅಚ್ಚು ಹಾಕಿಸಿಕೊಂಡು ಓಡಾಡುತ್ತಾರೆ, ತೀಯೋ ಮಗಳ ಹತ್ತಿರವೂ ಒಂದಿದೆ.

ನಾನು ಕೈಯಲ್ಲಿದ್ದ ಬನ್ ಹಾಗೇ ಹಿಡಿದುಕೊಂಡು ಕೂತೆ. 2020, ಲಾಕ್‌ಡೌನ್, ನಿನ್ನ ಹುಟ್ಟಿದ ಹಬ್ಬ, ವಿಡಿಯೋ ಕಾಲ್. ಹಾಸನದ ಮನೆಯಲ್ಲಿ ಅಜ್ಜಿ, ಹಿಂದೆ ಚಿಕ್ಕಪ್ಪನ ಮಕ್ಕಳೆಲ್ಲಾ. "ಎಷ್ಟು ವರ್ಷ ತುಂಬ್ತೇ ಕಂದ?" ಅಂತ ಅಜ್ಜಿ ಕೇಳಿದರು. ನೀನು ಯೋಚನೆ ಮಾಡಿ, ತುಂಬಾ ಜೋಪಾನವಾಗಿ, "ಹತ್ತುನಾಲ್ಕು" ಅಂದೆ. ಮೊದಲು ನಕ್ಕಿದ್ದು ಆ ಮಕ್ಕಳಲ್ಲ, ನಾನು. ಜೋರಾಗಿ ನಕ್ಕು, ನೋಡಿ ನಮ್ಮ ಅಮೆರಿಕಾ ಕನ್ನಡ ಅಂದೆ. ನೀನು ಎದ್ದು ಒಳಗೆ ಹೋದೆ. ಆಮೇಲೆ ಅಜ್ಜಿ ಫೋನಿಗೆ ಬಂದಾಗಲೆಲ್ಲಾ "ಹಾಯ್ ಅಜ್ಜಿ" ಅಂತ ಕೈ ಆಡಿಸಿ ಹೋಗುತ್ತಿದ್ದೆ. ಐದು ವರ್ಷ. ವಯಸ್ಸು ಹಾಗೆ ಅಂದುಕೊಂಡೆ. ಏಪ್ರಿಲ್‌ನಲ್ಲಿ ಅಜ್ಜಿ ಹೋದರು, ನಾನು ತಲುಪಿದಾಗ ದಹನ ಮುಗಿದಿತ್ತು. ಅವರ ಜೊತೆ ಮಾತಾಡೋಕೆ ನಿನಗಿದ್ದ ಬಾಗಿಲು ನಾನೇ ಹಾಕಿದ್ದು ಅಂತ ಹೊಳೆದಿದ್ದು ಮಾತ್ರ ಮೊನ್ನೆ, ತೀಯೋ ಸೋಫಾ ಮೇಲೆ.

ತಪ್ಪಾಯಿತು ಪುಟ್ಟಿ. ಫೋನಿನಲ್ಲಿ ಹೇಳೋಕೆ ನೋಡಿದೆ, ಆಗಲಿಲ್ಲ, ಪಾರ್ಕಿಂಗ್ ಫೀಸ್ ಬಗ್ಗೆ ಮಾತಾಡಿ ಇಟ್ಟುಬಿಟ್ಟೆ.

ಕತ್ತಲಾದ ಮೇಲೆ ತೀಯೋ ಮಗ ಬಂದ. ನಲವತ್ತೈದು ವರ್ಷದ ಮನುಷ್ಯ, ಇಂಗ್ಲಿಷ್ ಬಿಟ್ಟು ಮಾತಾಡಿದ್ದು ನಾನು ಕೇಳಿಲ್ಲ. ತೀಯೋ ವಿಸೆಂತೆ ಫೆರ್ನಾಂಡೆಸ್‌ನ 'ವೋಲ್ವೇರ್ ವೋಲ್ವೇರ್' ಹಾಕಿದರು. ಮರಳಿ ಹೋಗೋದು ಅಂತ ಅರ್ಥ, ಬಿಟ್ಟುಬಂದ ಪ್ರೀತಿಯ ಬಗ್ಗೆ, ಆದರೆ ಇಲ್ಲಿ ಕೇಳುವವರಿಗೆಲ್ಲಾ ಊರೇ ನೆನಪಾಗುತ್ತದೆ. ಮಗ ಅಡುಗೆಮನೆ ಬಾಗಿಲಿಗೆ ಒರಗಿ, ತಟ್ಟೆ ಕೈಯಲ್ಲಿ ಹಿಡಿದೇ, ಪೂರ್ತಿ ಹಾಡಿದ. ಕಣ್ಣು ಮುಚ್ಚಿಕೊಂಡು. ಮಧ್ಯೆ ಒಂದು ಪದ ತಪ್ಪಿತು ಅಂತ ಕಾಣುತ್ತದೆ, ತೀಯೋ ಮುಖದಲ್ಲಿ ಒಂದು ಕ್ಷಣ ಏನೋ ಹಾದುಹೋಯಿತು. ಬಾಯಿ ತೆರೆಯಲಿಲ್ಲ. ಕೈ ಚಾಚಿ ಸೌಂಡ್ ಸ್ವಲ್ಪ ಜಾಸ್ತಿ ಮಾಡಿದರು.

ಹೊರಡುವಾಗ ಅಜ್ಜಿ ಫೋಟೋ ತೆಗೆದುಕೊಳ್ಳೋಕೆ ಹೋದರೆ ಕೊಡಲಿಲ್ಲ. "ಇರಲಿ, ಮಿಹಾ ಬಂದು ತಗೊಂಡು ಹೋಗ್ಲಿ" ಅಂದರು, ಮಗಳು ಅಂತ ನಿನಗೇ ಹೇಳಿದ್ದು. ಥ್ಯಾಂಕ್ಸ್‌ಗಿವಿಂಗ್‌ಗೆ ಬರುತ್ತೀಯಲ್ಲ, ನೀನೇ ಹೋಗಿ ತಾ. ಖಾಲಿ ಕೈಯಲ್ಲಿ ಹೋಗಬೇಡ, ಅಮ್ಮ ಕೋಡುಬಳೆ ಮಾಡಿಟ್ಟಿರುತ್ತಾಳೆ. ಮೊನ್ನೆ ಎಡೆಗೆ ಇಟ್ಟಿದ್ದ ನಾಲ್ಕನ್ನೂ ತೀಯೋನೇ ತಿಂದರು, ಇನ್ನೂ ಖಾರ ಬೇಕಿತ್ತಂತೆ.

ಅಪ್ಪ