ಒಂದು ನಾಯಿ, ಒಂದು ಕಾರ್ಡು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತು ಇನ್ನೂ ತಲೆಯಲ್ಲೇ ಇದೆ. "ಒಬ್ಬನನ್ನು ಕೊಲ್ಲಲು ಹೋದ ಕಥೆ ಇಟ್ಟುಕೊಂಡು ನಗೋದು ಹೇಗೋ? ಅದೂ ನಿಜವಾಗಿ ನಡೆದದ್ದು ಅಂತೀಯ" ಅಂದೆ. ಆಗ ನನಗೆ ಉತ್ತರ ಹೊಳೆಯಲಿಲ್ಲ. ನಿನ್ನೆ ರಾತ್ರಿ ಮತ್ತೆ ಕೂತು ಪೂರ್ತಿ ನೋಡಿದೆ. ಅದಕ್ಕೇ ಈ ಪತ್ರ.

'ಎ ವೆರಿ ಇಂಗ್ಲಿಷ್ ಸ್ಕ್ಯಾಂಡಲ್' ಎಂಬ ಈ ಟಿವಿ ಸರಣಿ ಬಿಬಿಸಿಯಲ್ಲಿ ಬಂದದ್ದು 2018ರ ಮೇ-ಜೂನ್‌ನಲ್ಲಿ. ಮೂರೇ ಕಂತು. ಒಟ್ಟಿಗೆ ನೋಡಿದರೆ ಒಂದು ಉದ್ದನೆಯ ಸಿನಿಮಾ ನೋಡಿದ ಹಾಗೆ. ಸ್ಟೀಫನ್ ಫ್ರಿಯರ್ಸ್ ನಿರ್ದೇಶನ, ರಸೆಲ್ ಟಿ ಡೇವಿಸ್ ಬರವಣಿಗೆ. ಜಾನ್ ಪ್ರೆಸ್ಟನ್ ಅವರ ಪುಸ್ತಕ ಅದಕ್ಕೆ ಮೂಲ.

ಜೆರೆಮಿ ಥಾರ್ಪ್ ಬ್ರಿಟನ್ನಿನ ಲಿಬರಲ್ ಪಕ್ಷದ ನಾಯಕ. ಮಾತಿನಲ್ಲಿ ಜನರನ್ನು ಗೆಲ್ಲುತ್ತಿದ್ದವನು. ನಾರ್ಮನ್ ಸ್ಕಾಟ್ ಕುದುರೆ ಲಾಯದಲ್ಲಿ ಕೆಲಸಕ್ಕಿದ್ದ ಹುಡುಗ. 1960ರ ಸುಮಾರಿಗೆ ಇಬ್ಬರಿಗೂ ಪರಿಚಯ ಆಯಿತು. ತಮ್ಮಿಬ್ಬರ ನಡುವೆ ದೈಹಿಕ ಸಂಬಂಧ ಇತ್ತು ಎಂದು ಸ್ಕಾಟ್ ಹೇಳುತ್ತಲೇ ಬಂದ. ಇಲ್ಲ ಎಂದು ಥಾರ್ಪ್ ಹೇಳುತ್ತಲೇ ಬಂದ. ಆಗಿನ ಇಂಗ್ಲೆಂಡಿನಲ್ಲಿ ಗಂಡಸರಿಬ್ಬರ ಅಂಥ ಸಂಬಂಧವೇ ಅಪರಾಧ, ಜೈಲಿಗೂ ಹೋಗಬೇಕಾಗಬಹುದಿತ್ತು. ಆ ಕಾನೂನು ಸಡಿಲವಾದದ್ದು 1967ರಲ್ಲಿ. ಅದೇ ವರ್ಷ ಥಾರ್ಪ್ ಪಕ್ಷದ ನಾಯಕನಾದ.

ಸ್ಕಾಟ್ ಬಾಯಿ ಮುಚ್ಚಿಸಲು ಅವನನ್ನು ಕೊಲ್ಲಿಸುವ ಸಂಚು ನಡೆಯಿತು ಎಂಬುದು ಮುಂದೆ ಥಾರ್ಪ್ ಮೇಲೆ ಬಂದ ಆರೋಪ. ಈಗ ಆ ರಾತ್ರಿಗೆ ಬರುತ್ತೇನೆ. 1975ರ ಅಕ್ಟೋಬರ್ 24. ಎಕ್ಸ್‌ಮೂರ್ ಎಂಬ ಬಯಲು, ಗಾಳಿ, ಮಳೆ, ಕತ್ತಲೆ. ಆಂಡ್ರ್ಯೂ ನ್ಯೂಟನ್ ಎಂಬ ಪೈಲಟ್ ಕಾರು ಓಡಿಸುತ್ತಿದ್ದಾನೆ. ನಿನ್ನ ಜೀವಕ್ಕೆ ಅಪಾಯ ಇದೆ, ಕಾಪಾಡಲು ಬಂದಿದ್ದೇನೆ ಎಂದು ಸ್ಕಾಟ್‌ನನ್ನು ನಂಬಿಸಿದ್ದಾನೆ. ಸ್ಕಾಟ್ ಜೊತೆ ರಿಂಕಾ ಎಂಬ ಗ್ರೇಟ್ ಡೇನ್ ನಾಯಿ. ನಿದ್ದೆ ಬಂದವನ ಹಾಗೆ ನ್ಯೂಟನ್ ಕಾರನ್ನು ಅತ್ತಿತ್ತ ಓಲಾಡಿಸುತ್ತಾನೆ. ಪಾಪ, ಸುಸ್ತಾಗಿರಬೇಕು, ಕೊಡಿ ನಾನು ಓಡಿಸ್ತೀನಿ ಅಂತ ಸ್ಕಾಟ್ ಇಳಿಯುತ್ತಾನೆ. ನಾಯಿಯೂ ಹಿಂದೆಯೇ ಜಿಗಿಯುತ್ತದೆ. ನ್ಯೂಟನ್ ನಾಯಿಗೆ ಗುಂಡು ಹೊಡೆಯುತ್ತಾನೆ. ಆಮೇಲೆ ಪಿಸ್ತೂಲು ಸ್ಕಾಟ್ ಕಡೆ ತಿರುಗುತ್ತದೆ, ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಕಾರಿನ ದೀಪದ ಬೆಳಕಿನಲ್ಲಿ ಅವನು ಅದನ್ನು ಅಲ್ಲಾಡಿಸುತ್ತಾನೆ, ಬೈದುಕೊಳ್ಳುತ್ತಾನೆ, ಕೊನೆಗೆ ಕಾರು ಹತ್ತಿ ಹೋಗಿಬಿಡುತ್ತಾನೆ. ಮಳೆಯಲ್ಲಿ ಸತ್ತ ನಾಯಿಯ ಪಕ್ಕ ಸ್ಕಾಟ್ ಒಬ್ಬನೇ ಅಳುತ್ತಾ ಕೂತಿದ್ದಾನೆ.

ಇಲ್ಲಿ ನಗು ಬರುತ್ತಾ? ಬರುತ್ತೆ, ಆದರೆ ಎಲ್ಲಿ ಅಂತ ನೋಡು. ಬಾರ್ನ್‌ಸ್ಟಪಲ್‌ಗೆ ಹೋಗಬೇಕಾದ ನ್ಯೂಟನ್ ಲಂಡನ್ನಿನ ಉತ್ತರಕ್ಕಿರುವ ಡನ್‌ಸ್ಟಬಲ್‌ಗೆ ಹೋಗಿ ಸ್ಕಾಟ್‌ನನ್ನು ಹುಡುಕುವಾಗ ಬರುತ್ತೆ. ಪಿಸ್ತೂಲು ಹಿಡಿದು ಪರದಾಡುವಾಗ ಬರುತ್ತೆ. ದೊಡ್ಡ ದೊಡ್ಡ ಕೋಣೆಗಳಲ್ಲಿ ಒಳ್ಳೆ ಸೂಟು ಹಾಕಿಕೊಂಡವರು ಒಬ್ಬ ಮನುಷ್ಯನನ್ನು ಇಲ್ಲವಾಗಿಸುವ ಮಾತನ್ನು ಊಟದ ಮೆನು ಚರ್ಚಿಸುವ ಹಾಗೆ ಆಡುವಾಗ ಬರುತ್ತೆ. ಕ್ಯಾಮೆರಾ ಸ್ಕಾಟ್ ಮುಖಕ್ಕೆ ಬಂದ ತಕ್ಷಣ ಆ ನಗು ಗಂಟಲಲ್ಲೇ ನಿಲ್ಲುತ್ತೆ. ನೀನು ಕೇಳಿದ್ದಕ್ಕೆ ನನಗೆ ಸಿಕ್ಕ ಉತ್ತರ ಇದೇ. ಫ್ರಿಯರ್ಸ್ ಮತ್ತು ಡೇವಿಸ್ ಒಂದು ಸಲವೂ ಗುರಿ ತಪ್ಪುವುದಿಲ್ಲ.

ಆಗಿನ ಕಾಲದ ಜನ ಹಾಗಿರಲಿಲ್ಲ. ಅವರು ನಾಯಿ ಸತ್ತದ್ದನ್ನೇ ದೊಡ್ಡ ತಮಾಷೆ ಮಾಡಿಕೊಂಡರು. 1979ರ ಚುನಾವಣೆಯಲ್ಲಿ ಆಬರನ್ ವಾ ಎಂಬ ಪತ್ರಕರ್ತ 'ಶ್ವಾನಪ್ರಿಯರ ಪಕ್ಷ' ಅಂತ ಹೆಸರಿಟ್ಟುಕೊಂಡು ಥಾರ್ಪ್ ಎದುರು ನಿಂತ. ಬಿದ್ದದ್ದು 79 ವೋಟು. ಥಾರ್ಪ್ ಕೂಡ ಸೋತ. ಅದಾದ ಕೆಲವೇ ದಿನಕ್ಕೆ ಥಾರ್ಪ್ ಮತ್ತು ಇನ್ನೂ ಮೂವರ ಮೇಲೆ ಕೊಲೆ ಸಂಚಿನ ವಿಚಾರಣೆ ಶುರುವಾಯಿತು. ಇದರ ನಡುವೆ ಗುಂಡಿನಿಂದ ಸ್ವಲ್ಪದರಲ್ಲಿ ಪಾರಾದ ಮನುಷ್ಯನ ಗತಿ ಏನು ಅಂತ ಎಷ್ಟು ಜನ ಕೇಳಿದರು?

ಕೋರ್ಟಿನಲ್ಲಿ ನಡೆದದ್ದು ಇನ್ನೂ ಕೆಟ್ಟದ್ದು. ನ್ಯಾಯಾಧೀಶ ಕ್ಯಾಂಟ್ಲಿ ಜ್ಯೂರಿಗೆ ಕೊನೆಯ ಮಾತು ಹೇಳುವಾಗ ಸ್ಕಾಟ್‌ನನ್ನು ಸುಳ್ಳುಗಾರ, ಮೋಸಗಾರ, ಪರಾವಲಂಬಿ ಎಂದೆಲ್ಲ ಕರೆದ. ಥಾರ್ಪ್ ಸಾಕ್ಷಿ ಕಟ್ಟೆ ಹತ್ತಲೇ ಇಲ್ಲ. ಜೂನ್ 22ರಂದು ನಾಲ್ಕೂ ಆರೋಪಿಗಳ ಖುಲಾಸೆ. ಸುಮಾರು ಒಂದು ವಾರದಲ್ಲೇ ಪೀಟರ್ ಕುಕ್ ಎಂಬ ಹಾಸ್ಯನಟ ಲಂಡನ್ನಿನ ವೇದಿಕೆಯ ಮೇಲೆ ಆ ನ್ಯಾಯಾಧೀಶನ ಭಾಷಣವನ್ನೇ ಅಣಕಿಸಿದ. ಅವನೊಬ್ಬನಿಗೆ ನಗು ಎಲ್ಲಿಗೆ ತಾಗಬೇಕು ಅಂತ ಗೊತ್ತಿತ್ತು.

ಸರಣಿಯಲ್ಲಿ ಸ್ಕಾಟ್ ಆಗಿ ನಟಿಸಿದ್ದು ಬೆನ್ ವಿಶಾ. ಎಮ್ಮಿ ಪ್ರಶಸ್ತಿ ಬಂತು, ಬಾಫ್ಟಾ ಪ್ರಶಸ್ತಿ ಬಂತು, ಬರಲೇಬೇಕಿತ್ತು. ವಕೀಲ ಪ್ರಶ್ನೆ ಮೇಲೆ ಪ್ರಶ್ನೆ ಹಾಕಿ ಅವನ ಮಾನ ಹರಾಜು ಹಾಕುವಾಗ ಆತ ಕುಗ್ಗುವುದಿಲ್ಲ. ನನ್ನಂಥವರನ್ನು ಬಿಟ್ಟೇ ಇತಿಹಾಸ ಬರೆಯುತ್ತಾರೆ, ಅದಕ್ಕೇ ನಾನು ಮಾತಾಡ್ತೀನಿ ಅನ್ನುವ ಅರ್ಥದಲ್ಲಿ ಹೇಳುತ್ತಾನೆ. ಗಂಟಲು ನಡುಗುತ್ತದೆ, ಕಣ್ಣು ನಡುಗುವುದಿಲ್ಲ. ಥಾರ್ಪ್ ಪಾತ್ರ ಮಾಡಿದ ಹ್ಯೂ ಗ್ರಾಂಟ್ ಬಗ್ಗೆಯೂ ಹೇಳಲೇಬೇಕು. ಪ್ರೇಮಕಥೆಗಳಲ್ಲಿ ನಾವು ಮೆಚ್ಚಿದ ಅದೇ ಮೋಹಕ ನಗೆ ಇಲ್ಲಿ ಹೆದರಿಸುತ್ತದೆ.

ಇನ್ನೊಂದು ದೃಶ್ಯ. ಲಾರ್ಡ್ ಅರ್ರನ್ ಎಂಬ ಮುದುಕನ ಮನೆಯೊಳಗೆ ಬ್ಯಾಡ್ಜರ್‌ಗಳು ಓಡಾಡುತ್ತಿರುತ್ತವೆ. ಕಾಡಿನ ಬಿಲದಲ್ಲಿ ಇರಬೇಕಾದ ಪ್ರಾಣಿಗಳು. ನೋಡಿ ಜೋರಾಗಿ ನಕ್ಕೆ. ಆಗ ಆ ಮುದುಕ, ಗಂಡಸರ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಆ ಕಾನೂನನ್ನು ತಿದ್ದಲು ತಾನು ಯಾಕೆ ಹೊರಟೆ ಅಂತ ಹೇಳುತ್ತಾನೆ, ಸತ್ತುಹೋದ ತನ್ನ ಅಣ್ಣನ ಮಾತು ತೆಗೆಯುತ್ತಾನೆ. ಪಕ್ಕದಲ್ಲಿದ್ದ ಟೀ ಆರಿಹೋದದ್ದೂ ನನಗೆ ಗೊತ್ತಾಗಲಿಲ್ಲ.

ಇದೇ ಇಂಗ್ಲಿಷರು 1860ರಲ್ಲಿ ನಮಗೆ ಬರೆದಿಟ್ಟುಹೋದ, ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ 377ನೇ ಕಲಂ ನೆನಪಿದೆ ಅಲ್ವಾ? ಅವರು ತಮ್ಮ ಮನೆಯಲ್ಲಿ 1967ರಲ್ಲೇ ಸಡಿಲಿಸಿಕೊಂಡರು. ನಮ್ಮ ಸುಪ್ರೀಂ ಕೋರ್ಟು, ಒಪ್ಪಿಗೆಯಿಂದ ಕೂಡಿದ ವಯಸ್ಕರನ್ನು ಅದರಿಂದ ಬಿಡಿಸಿದ್ದು 2018ರ ಸೆಪ್ಟೆಂಬರ್ 6ಕ್ಕೆ. ಈ ಸರಣಿ ಮುಗಿದು ಮೂರು ತಿಂಗಳಾಗಿತ್ತು ಅಷ್ಟೆ. ಅಲ್ಲಿಯವರೆಗೆ ನಮ್ಮಲ್ಲಿ ಎಷ್ಟು ಜನ ಸ್ಕಾಟ್‌ನ ಹಾಗೆ ಬೆದರಿಕೆ, ಗುಟ್ಟು, ಅವಮಾನಗಳ ನಡುವೆ ಬದುಕಿದರೋ. ಅದನ್ನು ನೆನೆದರೆ ಹೊಟ್ಟೆ ಸಂಕಟ ಆಗುತ್ತೆ.

ಕಾರ್ಡಿನ ಮಾತು ಮರೆತೆ ನೋಡು. ಸ್ಕಾಟ್ ವರ್ಷಗಟ್ಟಲೆ ಎಲ್ಲರ ಹತ್ತಿರವೂ ಕೇಳುತ್ತಿದ್ದದ್ದು ಒಂದೇ, ನ್ಯಾಷನಲ್ ಇನ್ಶೂರೆನ್ಸ್ ಕಾರ್ಡು. ನಮ್ಮ ಇಎಸ್‌ಐ ಕಾರ್ಡಿನ ಹಾಗೆ ಅಂದುಕೋ. ಧಣಿಯಾದವನು ವಾರವಾರ ಅದಕ್ಕೆ ಸ್ಟಾಂಪು ಅಂಟಿಸಬೇಕಿತ್ತು. ಅದಿಲ್ಲದಿದ್ದರೆ ಕೆಲಸ ಸಿಗೋದು ಕಷ್ಟ, ಸರ್ಕಾರದ ಸಹಾಯವೂ ಕಷ್ಟ. ನನ್ನ ಕಾರ್ಡು ಥಾರ್ಪ್ ಹತ್ತಿರ ಉಳಿದುಹೋಯಿತು ಎಂಬುದು ಅವನ ದೂರು. ಸುತ್ತಲಿನವರಿಗೆ ಅದು ಹುಚ್ಚಿನ ಹಾಗೆ ಕಾಣುತ್ತದೆ. ನನಗೆ ಮಾತ್ರ ಇಡೀ ಕಥೆಯಲ್ಲಿ ಅದರಷ್ಟು ನ್ಯಾಯವಾದ ಬೇಡಿಕೆ ಇನ್ನೊಂದು ಕಾಣಲಿಲ್ಲ.

ಶನಿವಾರ ಬಿಡುವು ಮಾಡಿಕೊಂಡು ನೋಡು. ಮೂರನೇ ಕಂತು ಮುಗಿಯಿತು ಅಂತ ಎದ್ದುಬಿಡಬೇಡ. ಕೊನೆಯಲ್ಲಿ ಪರದೆ ಮೇಲೆ ಅಕ್ಷರ ಬರುತ್ತವೆ. ಆ ಕಾರ್ಡು ಅವನಿಗೆ ಇನ್ನೂ ಸಿಕ್ಕಿಲ್ಲ ಅಂತ ಇರುತ್ತೆ. ಅದನ್ನು ಓದಿದ ಮೇಲೆ, ಎಷ್ಟು ಹೊತ್ತಾಗಿದ್ದರೂ ಸರಿ, ನನಗೆ ಫೋನ್ ಮಾಡು.

ಇಂತಿ,
ನಿನ್ನ ಗೆಳೆಯ